ಆಕಾಶದ ಕಲಗಚ್ಚು

ನಮ್ಮ ಬೀದಿಯಲ್ಲಿ ಗೃಹಿಣಿಯ ಯೋಗ್ಯತೆಯನ್ನು ಅವಳ ಸೀರೆ ನೋಡಿ ಅಳೆಯುತ್ತಿರಲಿಲ್ಲ, ಸಾರಿನ ರುಚಿ ನೋಡಿಯೂ ಅಲ್ಲ. ಅವಳ ಮನೆಯ ಕಲಗಚ್ಚು ನೋಡಿ ಅಳೆಯುತ್ತಿದ್ದರು. ಅಳೆಯುವ ಅಧಿಕಾರ ದೊಡ್ಡಮುನಿಯಮ್ಮನದು. ಗಂಡ ಸತ್ತಮೇಲೆ ಒಂದೇ ಒಂದು ಎಮ್ಮೆಯನ್ನು ನಂಬಿ ಬದುಕಿದ್ದ ಹೆಂಗಸು. ಬೆಳಿಗ್ಗೆ ಎದ್ದವಳೇ ಬಕೆಟ್ಟು ಹಿಡಿದು ಮನೆಮನೆಯ ಹಿತ್ತಲಿಗೆ ಬರುತ್ತಿದ್ದಳು. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿ ಸಿಪ್ಪೆ, ಇವನ್ನೆಲ್ಲ ನಾವು ಒಂದು ಪಾತ್ರೆಯಲ್ಲಿ ಕೂಡಿಡಬೇಕು. ಅವಳು ಅದನ್ನು ಒಯ್ದು ಎಮ್ಮೆಗೆ ಕುಡಿಸಬೇಕು. ಸಂಜೆ ನಮಗೆ ನೀರು ಬೆರೆಸದ ಹಾಲು ಅಳೆದು ಕೊಡಬೇಕು. ಮಾಲೂರಿನ ನಮ್ಮ ಬೀದಿಯ ಕಾಫಿಯೆಲ್ಲ ಈ ಒಪ್ಪಂದದ ಮೇಲೆ ನಿಂತಿತ್ತು.

ಅವಳ ಕಾನೂನು ಕಟ್ಟುನಿಟ್ಟು. ನಿಂಬೆ ಸಿಪ್ಪೆ ಬಿದ್ದರೆ ಹಾಲು ಒಡೆಯುತ್ತದೆ, ಈರುಳ್ಳಿ ಸಿಪ್ಪೆ ಬಿದ್ದರೆ ಹಾಲು ನಾರುತ್ತದೆ, ಕಾಫಿ ಚರಟ ಬಿದ್ದರೆ ಎಮ್ಮೆಗೆ ನಿದ್ದೆ ಬರುವುದಿಲ್ಲ. ಇವೆಲ್ಲ ಸಣ್ಣ ಅಪರಾಧಗಳು, ಬೈದು ಬಿಟ್ಟುಬಿಡುತ್ತಿದ್ದಳು. ಕ್ಷಮೆಯಿಲ್ಲದ ಅಪರಾಧವೆಂದರೆ ಎಂಜಲು. ಯಾರೋ ಬಾಯಿಟ್ಟ ಅನ್ನದ ಒಂದು ಅಗುಳು ಸಿಕ್ಕಿದರೂ ಬಕೆಟ್ಟನ್ನು ಪೂರ್ತಿ ಚರಂಡಿಗೆ ಸುರಿಯುತ್ತಿದ್ದಳು. ಯಾಕೆಂದರೆ ಆ ಎಮ್ಮೆಯ ಹಾಲು ಶುಕ್ರವಾರ ಮುತ್ಯಾಲಮ್ಮನ ಗುಡಿಗೂ ಹೋಗುತ್ತಿತ್ತು. ದೇವಿಗೆ ಎಂಜಲು ತಿಂದ ಎಮ್ಮೆಯ ಹಾಲು ಕೊಡುವುದುಂಟೇ?

ನಾನು ಶ್ರೀನಿವಾಸಪುರದವಳು, ಅನಸೂಯಮ್ಮ. ಮದುವೆಯಾಗಿ ಬಂದ ಹೊಸದರಲ್ಲಿ, ತವರಿನ ಮಾವಿನ ಉಪ್ಪಿನಕಾಯಿಯ ಚೀಪಿದ ಓಟೆಯೊಂದು ಹೇಗೋ ಆ ಪಾತ್ರೆಗೆ ಬಿದ್ದುಬಿಟ್ಟಿತು. ದೊಡ್ಡಮುನಿಯಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು ಮುಂಬಾಗಿಲಿಗೇ ಬಂದಳು. ಸಿಟ್ಟು ಬಂದರೆ ಅವಳಿಗೆ ತೆಲುಗು ಬರುತ್ತಿತ್ತು.

"ಏಮ್ಮಾ ಡಾಕ್ಟರಮ್ಮಾ, ಇದು ನಿಮ್ಮ ಬಾಯೋ, ಯಜಮಾನ್ರ ಬಾಯೋ? ಎಂಜಲು ಪಾತ್ರೆ ಬೇರೆ, ಕಲಗಚ್ಚು ಪಾತ್ರೆ ಬೇರೆ. ಶ್ರೀನಿವಾಸಪುರದಲ್ಲಿ ಅಷ್ಟೂ ಕಲಿಸಲ್ವಾ?"

ನನ್ನ ತವರಿನ ಮಾನ ಬೀದಿಯಲ್ಲಿ ಹರಾಜಾಯಿತು. ಅಂದಿನಿಂದ ನಮ್ಮ ಹಿತ್ತಲಲ್ಲಿ ಮೂರು ಪಾತ್ರೆ. ಕಲಗಚ್ಚು ಎಮ್ಮೆಗೆ. ಕಸ ತಿಪ್ಪೆಗೆ. ಉಂಡು ಮಿಕ್ಕಿದ್ದು ಬೈರಮ್ಮನಿಗೆ. ಬೈರಮ್ಮ ಹೆಂಚಿನ ಫ್ಯಾಕ್ಟರಿಯಲ್ಲಿ ಮಣ್ಣು ತುಳಿಯುವವಳು, ಊರಾಚೆಯ ಕೇರಿಯವಳು. ಕೆಲಸ ಬಿಟ್ಟು ಹೋಗುವಾಗ ಹಿತ್ತಲಲ್ಲಿ ನಿಂತು ಸೆರಗೊಡ್ಡುತ್ತಿದ್ದಳು, ಹಾಗೆಯೇ ನಾಲ್ಕು ಮನೆಯ ಸುದ್ದಿ ಹೇಳಿ ನಗಿಸಿ ಹೋಗುತ್ತಿದ್ದಳು. ಈ ಏರ್ಪಾಡಿನಲ್ಲಿ ಯಾರಿಗೂ ಏನೂ ವಿಶೇಷ ಕಾಣುತ್ತಿರಲಿಲ್ಲ.

ನಮ್ಮ ಯಜಮಾನರ ಹೆಸರು ಕೋದಂಡರಾಮಪ್ಪ. ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ, ಆದರೆ ಹೇಳದಿದ್ದರೆ ನಿಮಗೆ ಗೊತ್ತಾಗುವುದಾದರೂ ಹೇಗೆ? ಅವರು ಪಶು ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಊರು ಅವರನ್ನು ದನದ ಡಾಕ್ಟ್ರು ಅನ್ನುತ್ತಿತ್ತು, ಅವರು ಬೇಡವೆನ್ನುತ್ತಿರಲಿಲ್ಲ. ಒಳ್ಳೆಯ ಮನುಷ್ಯ. ಒಂದೇ ದೋಷವೆಂದರೆ ಮೇಲಿನಿಂದ ಒಂದು ಆರ್ಡರು ಬಂದರೆ ಸಾಕು, ಆಕಾಶವಾಣಿಯ ವಾರ್ತೆಯ ದನಿಯಲ್ಲಿ ಓದಿ ಹೇಳುತ್ತಿದ್ದರು.

ಎಪ್ಪತ್ತೊಂಬತ್ತೋ ಎಂಬತ್ತೋ ಇರಬೇಕು. ಕಾರ್ತೀಕ ಮಾಸದಲ್ಲಿ ಮದ್ರಾಸಿನ ಕಡೆ ಬಿರುಗಾಳಿ ಮಳೆ. ಸಿಂಗಪುರದ ಕಡೆಯಿಂದ ಬರುತ್ತಿದ್ದ ಒಂದು ಭಾರಿ ವಿಮಾನ ಅಲ್ಲಿ ಇಳಿಯಲಾಗದೆ ಬೆಂಗಳೂರಿಗೆ ಬಂದು ಕೂತಿತು. ಗಾಳಿಗೆ ಸಿಕ್ಕಿ ಹೊಟ್ಟೆ ತೊಳಸಿ ಅರ್ಧ ಜನ ಕೊಟ್ಟ ಊಟವನ್ನು ಬಿಚ್ಚಿಯೇ ನೋಡಿರಲಿಲ್ಲವಂತೆ. ಜನರನ್ನೇನೋ ಬಸ್ಸು ಹತ್ತಿಸಿ ಕಳಿಸಿದರು. ಉಳಿದದ್ದು ಅವರ ಊಟ. ಪರದೇಶದ ವಿಮಾನದಲ್ಲಿ ಮಿಕ್ಕ ಊಟವನ್ನು ತಿಪ್ಪೆಗೆ ಎಸೆಯುವ ಹಾಗಿಲ್ಲ, ಯಾರಿಗೂ ಕೊಡುವ ಹಾಗಿಲ್ಲ, ಪಶು ಇಲಾಖೆಯವರ ಕಣ್ಣೆದುರು ದೊಡ್ಡ ಬೆಂಕಿಯಲ್ಲಿ ಸುಡಬೇಕು ಅನ್ನುವುದು ನಿಯಮ. ಆಗೆಲ್ಲ ಬೆಂಗಳೂರಿಗೆ ಅಂಥ ವಿಮಾನ ಬರುವುದೇ ಅಪರೂಪ, ಹಾಗಾಗಿ ಅದಕ್ಕೆಂದು ಬೆಂಕಿಯೂ ಇರಲಿಲ್ಲ. ಸುಡುವ ಕೆಲಸ ಹಿಡಿದ ಕಂಟ್ರಾಕ್ಟರನಿಗೆ ಮಾಲೂರಿನ ಅಶ್ವತ್ಥಪ್ಪನವರು ನೆನಪಾದರು. ಹೆಂಚಿನ ಫ್ಯಾಕ್ಟರಿಯ ಯಜಮಾನರು. ಹೆಂಚು ಬೇಯಿಸುವ ಬೆಂಕಿಗೆ ಬ್ರೆಡ್ಡು ಯಾವ ಲೆಕ್ಕ? ಲಾರಿ ಹೊರಟಿತು. ಕೋಲಾರದ ಆಫೀಸಿನಿಂದ ನಮ್ಮವರಿಗೆ ಆರ್ಡರು ಬಂತು.

ಅವರು ಹಜಾರದಲ್ಲಿ ನಿಂತು ಓದಿದರು. ಹಸು, ಎಮ್ಮೆ, ಕುರಿ, ಮೇಕೆ, ಹಂದಿ, ಕೋಳಿ, ನಾಯಿ, ಯಾವುದೂ ಅದಕ್ಕೆ ಬಾಯಿ ಹಾಕಕೂಡದು. ಹಾಕಿದರೆ ಆ ಪ್ರಾಣಿಯನ್ನು ಕೊಂದು ಸುಡತಕ್ಕದ್ದು. ಸುತ್ತಲಿನ ದನಗಳ ಬಾಯಿ ಮತ್ತು ಗೊರಸಿನ ಸಂದು ಪರೀಕ್ಷಿಸತಕ್ಕದ್ದು. ಊಟದ ಪೊಟ್ಟಣ ತೆರೆದಿದ್ದರೂ ಒಂದೇ, ತೆರೆಯದಿದ್ದರೂ ಒಂದೇ. ಕಿಟಕಿಯಲ್ಲಿ ನಿಂತ ನಾಲ್ಕು ಜನರಿಗೂ ಕೇಳಿಸುವಂತೆ ಎರಡನೇ ಸಲ ಓದಿದರು.

"ಯಾರೂ ಮುಟ್ಟದೆ ಇರೋದನ್ನೂ ಸುಡಬೇಕಾ?" ಅಂದೆ.

"ಪರದೇಶದ ಕಾಯಿಲೆ ಕಣೇ. ಮಾಂಸದಲ್ಲಿ, ಬೆಣ್ಣೆಯಲ್ಲಿ ಕೂತು ಬರುತ್ತೆ."

"ಅದೆಂಥ ಕಾಯಿಲೆ?"

"ಕಾಲುಬಾಯಿ ಜ್ವರ."

ನನಗೆ ನಗು ತಡೆಯಲಾಗಲಿಲ್ಲ. ಕಾಲುಬಾಯಿ ಜ್ವರ ನಮ್ಮ ಸೀಮೆಗೆ ವರ್ಷ ವರ್ಷ ಬರುವ ನೆಂಟ. ಬಾಯಲ್ಲಿ ಹುಣ್ಣು, ಗೊರಸಿನಲ್ಲಿ ಹುಣ್ಣು, ಜೊಲ್ಲು. ಇವರೇ ಸೈಕಲ್ ಮೇಲೆ ಔಷಧಿ ಸೀಸೆ ನೇತುಹಾಕಿಕೊಂಡು ಹಳ್ಳಿ ಹಳ್ಳಿ ಸುತ್ತುತ್ತಿದ್ದರು.

"ಅದು ನಮ್ಮಲ್ಲೇ ಬೇಕಾದಷ್ಟಿದೆಯಲ್ರೀ. ನಮ್ಮಿಂದ ಆ ವಿಮಾನಕ್ಕೆ ಅಂಟದ ಹಾಗೆ ನೋಡಿಕೊಳ್ಳಿ."

"ನಿನಗೆ ತಿಳಿಯಲ್ಲ ಸುಮ್ನಿರು. ಅವರ ಕಾಲುಬಾಯಿ ಬೇರೆ, ನಮ್ಮ ಕಾಲುಬಾಯಿ ಬೇರೆ."

ಇರಬಹುದು. ಫಾರಿನ್ನು ಅಂದಮೇಲೆ ಕಾಯಿಲೆಯೂ ನಮ್ಮದಕ್ಕಿಂತ ಒಂದು ಕೈ ಮೇಲೇ ಇರಬೇಕಲ್ಲ.

ಲಾರಿ ಬಂದಾಗ ಇಡೀ ಬೀದಿ ಫ್ಯಾಕ್ಟರಿ ಬೇಲಿಯ ಬಳಿ ಇತ್ತು, ನಾನೂ ಇದ್ದೆ. ಮೂಟೆ ಬಿಚ್ಚಿದ ಕೂಡಲೇ ಅಶ್ವತ್ಥಪ್ಪನವರ ಮುಖ ಇಳಿಯಿತು. ಒಳಗೆ ಬರೀ ಊಟವಿರಲಿಲ್ಲ. ಪ್ಲಾಸ್ಟಿಕ್ಕಿನ ತಟ್ಟೆ, ಪ್ಲಾಸ್ಟಿಕ್ಕಿನ ಚಮಚ, ಬೆಳ್ಳಿಯಂತೆ ಹೊಳೆಯುವ ತಗಡಿನ ಹಾಳೆ, ಗೇಣುದ್ದದ ಸೀಸೆಗಳು, ಸೆಂಟಿನ ವಾಸನೆ ಬರುವ ಕಾಗದದ ಕರವಸ್ತ್ರ.

"ಇದನ್ನೆಲ್ಲ ಬೆಂಕಿಗೆ ಹಾಕಿದರೆ ಪ್ಲಾಸ್ಟಿಕ್ಕು ಕರಗಿ ನನ್ನ ಹೆಂಚೆಲ್ಲ ಕರ್ರಗಾಗಿ ಹೋಗ್ತವೆ," ಅಂದರು. "ಬೇರೆ ಬೇರೆ ಮಾಡಿ. ಊಟ, ಕಾಗದ ಬೆಂಕಿಗೆ. ಮಿಕ್ಕಿದ್ದು ನನಗೆ ಬಿಡಿ, ನಾನು ಎಲ್ಲಾದರೂ ವಿಲೇವಾರಿ ಮಾಡ್ತೀನಿ."

ಹೊಳೆಯುವ ಸೀಸೆಗಳನ್ನು ಅವರು ನೋಡುತ್ತಿದ್ದ ರೀತಿಯಲ್ಲೇ ವಿಲೇವಾರಿ ಎಲ್ಲಿಗೆಂದು ಗೊತ್ತಾಗುತ್ತಿತ್ತು. ನಮ್ಮವರು ಆರ್ಡರನ್ನು ಇನ್ನೊಮ್ಮೆ ಓದಿದರು. ಬೇರೆ ಮಾಡಬಾರದೆಂದು ಅದರಲ್ಲಿ ಇರಲಿಲ್ಲ. ಸರಿ, ಬೇರೆ ಮಾಡುವವರು ಯಾರು? ಬೇಲಿಯ ಬಳಿ ಇದ್ದವರೆಲ್ಲ ಒಟ್ಟಿಗೇ ದೊಡ್ಡಮುನಿಯಮ್ಮನ ಕಡೆ ತಿರುಗಿದರು. ನಮ್ಮ ಊರಿನಲ್ಲಿ ಆ ವಿದ್ಯೆಯಲ್ಲಿ ಅವಳನ್ನು ಮೀರಿಸುವವರು ಹುಟ್ಟಿರಲಿಲ್ಲ. ಜೊತೆಗೆ ಮಣ್ಣಿನ ಗುಂಡಿಯಲ್ಲಿ ತುಳಿಯುತ್ತಿದ್ದ ಬೈರಮ್ಮನನ್ನು ಮೇಲಕ್ಕೆ ಕರೆದರು.

ದೊಡ್ಡಮುನಿಯಮ್ಮ ಸೆರಗು ಸಿಕ್ಕಿಸಿ ಕೂತಳು. ಕೂತ ಗಳಿಗೆಯಿಂದ ಅದು ಪಶು ಇಲಾಖೆಯ ಕೆಲಸವಾಗಿ ಉಳಿಯಲಿಲ್ಲ, ಅವಳ ಹಿತ್ತಲಾಯಿತು.

"ಸೀಸೆ ಆ ಕಡೆ. ತಗಡು ಈ ಕಡೆ. ಲೇ ಬೈರೀ, ಆ ಚಮಚ ನೆಕ್ಕಿದ್ದು ಕಣೇ, ಎಡಗೈಯಲ್ಲಿ ಹಿಡ್ಕೋ."

"ಯಾವ ದೊರೆ ನೆಕ್ಕಿದ್ದೋ ಅಮ್ಮ," ಅಂದಳು ಬೈರಮ್ಮ ಚಮಚವನ್ನು ಬಿಸಿಲಿಗೆ ಹಿಡಿದು. "ನಮ್ಮೋರಿಗಿಂತ ಸುದ್ದವಾಗಿ ನೆಕ್ಕವ್ನೆ ನೋಡು."

ಬೇಲಿಯೆಲ್ಲ ನಕ್ಕಿತು. ಗುಡ್ಡೆಗಳು ಬೆಳೆದವು. ಪ್ಲಾಸ್ಟಿಕ್ಕಿನದೊಂದು, ತಗಡು ಸೀಸೆಯದೊಂದು, ಕಾಗದದ್ದೊಂದು, ಊಟದ್ದೊಂದು. ಅದರ ಪಕ್ಕದಲ್ಲಿ ಇನ್ನೊಂದು ಗುಡ್ಡೆ ಏಳುತ್ತಿರುವುದನ್ನು ನಮ್ಮವರು ತಡವಾಗಿ ನೋಡಿದರು.

"ಇದೇನಿದು ಊಟದ್ದು ಎರಡು ಗುಡ್ಡೆ?"

"ಅದು ಬಾಯಿಟ್ಟಿದ್ದು. ಇದು ಬಾಯಿಡದೆ ಇದ್ದಿದ್ದು."

"ಎರಡೂ ಒಂದೇ ಕಣಮ್ಮ."

ದೊಡ್ಡಮುನಿಯಮ್ಮ ನಮ್ಮವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಒಂದೇನಾ? ಎಂಜಲೂ ಮೀಸಲೂ ಒಂದೇ ಅಂತ ಯಾವ ಕಾಲೇಜಿನಲ್ಲಿ ಹೇಳ್ಕೊಟ್ರು ಸ್ವಾಮಿ? ಬಿಚ್ಚೇ ಇಲ್ಲ ನೋಡಿ, ಬನ್ನು, ಬೆಣ್ಣೆ, ಬಿಸ್ಕತ್ತು. ಯಾರ ಉಸಿರೂ ತಾಗಿಲ್ಲ. ಎಂಜಲು ಸುಡಿ, ಬೇಡ ಅನ್ನಲ್ಲ. ಯಾರೂ ಮುಟ್ಟದ ಅನ್ನ ಸುಡಬಾರದು. ಅನ್ನ ಸುಟ್ಟರೆ ಹೊಟ್ಟೆ ಸುಡ್ತದೆ."

"ಆರ್ಡರು ಅಂದರೆ ಆರ್ಡರು. ಎಲ್ಲಾ ಬೆಂಕಿಗೇ ಹೋಗಬೇಕು."

"ಆಯ್ತು ಬಿಡಿ ಸ್ವಾಮಿ," ಅಂದಳು.

ನಮ್ಮ ಕಡೆ 'ಆಯ್ತು ಬಿಡಿ' ಅಂದರೆ ಒಪ್ಪಿದೆ ಎಂದಲ್ಲ, ನಿನ್ನ ಜೊತೆ ಮಾತಾಡಿ ಫಲವಿಲ್ಲ ಎಂದು. ಇಪ್ಪತ್ತು ವರ್ಷ ಇದೇ ಸೀಮೆಯಲ್ಲಿ ನೌಕರಿ ಮಾಡಿದ ನಮ್ಮವರಿಗೆ ಅದು ಗೊತ್ತಿರಬೇಕಿತ್ತು. ಅವರು ಸಮಾಧಾನಪಟ್ಟುಕೊಂಡರು.

ಅವಳ ವಿಂಗಡಣೆಯಲ್ಲಿ ಒಂದೇ ಕಡೆ ತಪ್ಪಾಯಿತು. ಮೂರು ಮೂಲೆಯ ಒಂದು ಪುಟ್ಟ ಪೊಟ್ಟಣ ಬಿಚ್ಚಿ ಮೂಸಿದಳು. ಚೀಸು ಅಂತ ಆಮೇಲೆ ಗೊತ್ತಾಯಿತು. ಮುಖ ಕಿವುಚಿ, "ಥೂ, ಯಾರೋ ತಿಂದು ಉಗಿದು ಮತ್ತೆ ಕಟ್ಟಿಟ್ಟವ್ರೆ," ಎಂದು ಚೀಸನ್ನೆಲ್ಲ ಎಂಜಲಿನ ಗುಡ್ಡೆಗೆ ತಳ್ಳಿದಳು.

ಹೆಂಚು ಬೇಯಿಸುವ ಗೂಡಿನ ಬೆಂಕಿ ಹದಕ್ಕೆ ಬರಲು ಇನ್ನೂ ಹೊತ್ತಿತ್ತು. ನಮ್ಮವರು ಕಾವಲುಗಾರ ಗಂಗುಲಪ್ಪನನ್ನು ಗುಡ್ಡೆಗಳ ಮುಂದೆ ನಿಲ್ಲಿಸಿ ಊಟಕ್ಕೆ ಮನೆಗೆ ಬಂದರು. ಗಂಗುಲಪ್ಪ ನಿಯತ್ತಿನ ಮನುಷ್ಯ, ಆದರೆ ಅಶ್ವತ್ಥಪ್ಪನವರು ಸೀಸೆಗಳನ್ನು ಒಳಗೆ ಸಾಗಿಸಲು ಅವನನ್ನೇ ಕರೆದರು. ನಮ್ಮವರು ಉಂಡು, ಎಲೆಯಡಿಕೆ ಹಾಕಿಕೊಂಡು, ಸ್ವಲ್ಪವೇ ಸ್ವಲ್ಪ ಒರಗಿ ಎದ್ದು ಹೋಗುವಷ್ಟರಲ್ಲಿ ಗುಡ್ಡೆಗಳೆಲ್ಲ ಸಣ್ಣವಾಗಿದ್ದವು. ಬೆಂಕಿಗೆ ಹೋಗಿವೆ ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ಉಳಿದ ಕಾಗದವನ್ನೂ ಗೋಣಿಚೀಲಗಳನ್ನೂ ಅವರ ಕಣ್ಣೆದುರೇ ಗೂಡಿಗೆ ನೂಕಿದರು. ಚಿಮಣಿಯಿಂದ ದಟ್ಟ ಹೊಗೆ ಬಂತು. ಅಷ್ಟು ಹೊಗೆ ನೋಡಿದ ಮೇಲೆ ಯಾವ ಸರ್ಕಾರಿ ನೌಕರನಿಗೆ ಅನುಮಾನ ಬರುತ್ತದೆ? ಸುಟ್ಟಿದೆ ಎಂದು ಬರೆದು ಸಹಿ ಹಾಕಿ ಬಂದರು. ಸಂಜೆ ಬೀದಿಯ ಮಕ್ಕಳ ಕೈಯಲ್ಲೆಲ್ಲ ಬಿಳಿ ಚಮಚ. ನಮ್ಮವರು ಅದನ್ನು ನೋಡಿಯೂ ನೋಡದವರಂತೆ ಒಳಗೆ ಬಂದು ಚಪ್ಪಲಿ ಬಿಟ್ಟರು.

ಅಂದಿನ ಹಾಲು ಕೆನೆಗಟ್ಟಿ ಬಂತು. ಕಾಫಿ ಕುಡಿದು ನಮ್ಮವರು, "ಇವತ್ತು ಎಮ್ಮೆಗೆ ಏನು ಹಾಕಿದ್ದಾಳೋ, ಹಾಲು ಬಾಸುಂದಿಯ ಹಾಗಿದೆ," ಎಂದು ಇನ್ನೊಂದು ಲೋಟ ಕೇಳಿದರು.

ಬೆಳಿಗ್ಗೆ ದೊಡ್ಡಮುನಿಯಮ್ಮ ಬಂದಳು. ಕೈಯಲ್ಲಿ ಬಕೆಟ್ಟಿರಲಿಲ್ಲ. ಅವಳನ್ನು ಬಕೆಟ್ಟಿಲ್ಲದೆ ನಾನು ಅದುವರೆಗೆ ನೋಡಿರಲಿಲ್ಲ.

"ಸ್ವಾಮಿ, ನನ್ನ ಎಮ್ಮೆ ಏಳ್ತಿಲ್ಲ. ಮೆಲುಕು ನಿಲ್ಸೈತೆ. ಬಾಯಾಗೆ ಜೊಲ್ಲು."

ನಮ್ಮವರು ಲೋಟ ಕೆಳಗಿಟ್ಟರು. "ನಿನ್ನೆ ಏನು ಹಾಕಿದೆ?"

ಅವಳು ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದೇನೂ ಮಾಡಿಲ್ಲ ಎಂದೇ ಅವಳ ನಂಬಿಕೆ. "ಬಾಯಿಡದೆ ಇದ್ದಿದ್ದು ಅಷ್ಟೇ ಸ್ವಾಮಿ. ಮುತ್ಯಾಲಮ್ಮನ ಆಣೆಗೂ ಒಂದು ಎಂಜಲು ಹಾಕಿಲ್ಲ. ಬನ್ನು, ಬೆಣ್ಣೆ, ಬಿಸ್ಕತ್ತು, ಎಲ್ಲಾ ಗಂಜೀಲಿ ನೆನೆಸಿ ಕೊಟ್ಟೆ. ಪಕ್ಕದ ಮನೆಯವ್ರಿಗೂ ಅವ್ರ ಹಸೂಗೆ ಅಂತ ಒಂದೊಂದು ಹಿಡಿ ಕೊಟ್ಟೆ."

ನಮ್ಮವರು ಎದ್ದು ನಿಂತರು. ಎಮ್ಮೆ ತಿಂದಿದೆ. ತಿಂದದ್ದನ್ನು ಕೊಂದು ಸುಡತಕ್ಕದ್ದು ಎಂದು ಅವರೇ ಎರಡು ಸಲ ಗಟ್ಟಿಯಾಗಿ ಓದಿದ್ದರು, ಬೀದಿಯೇ ಕೇಳಿತ್ತು. ಜೊಲ್ಲು ಬೇರೆ ಬಂದಿದೆ.

ಕೊಟ್ಟಿಗೆಗೆ ಎಲ್ಲರೂ ಹೋದೆವು. ಎಮ್ಮೆ ಹೊಟ್ಟೆ ಉಬ್ಬಿಸಿಕೊಂಡು ಮಲಗಿತ್ತು. ಕಣ್ಣು ಮಾತ್ರ ಆಡಿಸುತ್ತಿತ್ತು. ದೊಡ್ಡಮುನಿಯಮ್ಮ ಅದರ ಕುತ್ತಿಗೆ ತಬ್ಬಿ ಕೂತಳು. "ನಾ ಬಂಗಾರು ತಲ್ಲೀ, ನನ್ನ ಬಂಗಾರದಮ್ಮಾ, ಏಳೇ," ಎಂದು ಅದರ ಕಿವಿಯಲ್ಲಿ ಹೇಳುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಹೊಲವಿರಲಿಲ್ಲ. ಎಮ್ಮೆ ಹೋದರೆ ನಾಳೆ ಅವಳು ಯಾವ ಹಿತ್ತಲಿಗೆ ಯಾವ ಅಧಿಕಾರದ ಮೇಲೆ ಬರುತ್ತಾಳೆ? ನನ್ನನ್ನು ಅಷ್ಟು ಬೈದವಳು, ಆದರೂ ನನಗೆ ಅಳು ಬಂತು.

ಅಷ್ಟರಲ್ಲಿ ಅಶ್ವತ್ಥಪ್ಪನವರೂ ಬಂದರು. ಮೂಗಿಗೆ ವಿಮಾನದ ಸೆಂಟಿನ ಕರವಸ್ತ್ರ ಹಿಡಿದಿದ್ದರು. "ಸುಡೋದಾದರೆ ಇವತ್ತೇ ಹೇಳಿ ಇನ್ಸ್‌ಪೆಕ್ಟರೇ, ಗೂಡು ಬಿಸಿಯಾಗಿದೆ. ನಾಳೆ ಅಂದರೆ ಸೌದೆ ಮತ್ತೆ ಹಾಕಬೇಕಾಗುತ್ತೆ."

ಆ ಮಾತಿಗೆ ದೊಡ್ಡಮುನಿಯಮ್ಮ ತಲೆಯೆತ್ತಿದಳು. ಅಶ್ವತ್ಥಪ್ಪನವರನ್ನಲ್ಲ, ಬಾಗಿಲಲ್ಲಿ ನಿಂತಿದ್ದ ಬೈರಮ್ಮನನ್ನು ನೋಡಿದಳು. "ನಿನ್ನ ಗುಡ್ಡೇದು ಒಂದು ನನ್ನ ಗುಡ್ಡೆಗೆ ಸೇರಿರ್ಬೇಕು ಕಣೇ. ಒಂದು ಎಂಜಲು ತುಂಡು ಸೇರಿರ್ಬೇಕು. ಇಲ್ದಿದ್ರೆ ನನ್ನ ಎಮ್ಮೆಗೆ ಯಾಕೆ ಹಿಂಗಾಗ್ತದೆ?"

"ಇಲ್ಲಮ್ಮ, ನಾನು ಬೇರೇನೇ ಕಟ್ಕೊಂಡಿದ್ದೆ," ಅಂದಳು ಬೈರಮ್ಮ. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ನಾನು ಕೂಡ.

ನಮ್ಮವರನ್ನು ಪಕ್ಕಕ್ಕೆ ಎಳೆದು ಹೇಳಿದೆ. "ಸುಟ್ಟಿದೆ ಅಂತ ಬರೆದು ಕೊಟ್ಟಿದ್ದೀರಿ. ಸುಟ್ಟಿದ್ದನ್ನು ಎಮ್ಮೆ ತಿನ್ನೋಕೆ ಹೇಗೆ ಸಾಧ್ಯ? ಸುಮ್ಮನಿದ್ದುಬಿಡಿ. ಅಜೀರ್ಣ ಅಂತ ಔಷಧಿ ಕೊಡಿ."

"ನನಗೂ ಅಜೀರ್ಣವೇ ಅನ್ನಿಸುತ್ತೆ ಕಣೇ," ಅಂದರು. "ಆದರೆ ಅಲ್ಲದಿದ್ದರೆ? ಇಲ್ಲಿಂದ ಮುಳಬಾಗಿಲವರೆಗೆ ಎಷ್ಟು ಕೊಟ್ಟಿಗೆ ಇದೆ ಯೋಚನೆ ಮಾಡು. ನಾನು ಊಟಕ್ಕೆ ಹೋಗಿ ಮಲಗಿದೆ, ಅದು ನನ್ನ ತಪ್ಪು. ಅದನ್ನೇ ಹೇಳ್ತೀನಿ."

ಫ್ಯಾಕ್ಟರಿ ಆಫೀಸಿಗೆ ಹೋಗಿ ಕೋಲಾರಕ್ಕೆ ಫೋನು ಮಾಡಿದರು. ಮನೆಯಲ್ಲಿ ಒಂದು ಮಾತು ಸರಿಯಾಗಿ ಹೇಳಲು ಬಾರದ ಗಂಡಸು, ಅವತ್ತು ಫೋನಿನಲ್ಲಿ ತನ್ನ ತಪ್ಪನ್ನು ಉಸಿರು ಬಿಡದೆ ಒಪ್ಪಿಸಿದ್ದನ್ನು ಬಾಗಿಲ ಹೊರಗೆ ನಿಂತು ಕೇಳಿದೆ. ಸಿಟ್ಟು ಬಂತು, ಹೆಮ್ಮೆಯೂ ಆಯಿತು.

ಬಿಸಿಲೇರುವ ಹೊತ್ತಿಗೆ ಕೋಲಾರದಿಂದ ಜೀಪಿನಲ್ಲಿ ದೊಡ್ಡ ಡಾಕ್ಟರು ವೆಂಕಟರಾಯಪ್ಪನವರು ಬಂದರು. ದೊಡ್ಡ ಹೊಟ್ಟೆ, ದೊಡ್ಡ ನಗು. ಎಮ್ಮೆಯನ್ನು ಹಗ್ಗ ಹಾಕಿ ಎಬ್ಬಿಸಿ, ಬಾಯಿ ಅಗಲಿಸಿ, ಟಾರ್ಚು ಬಿಟ್ಟು ನಾಲಗೆಯ ಮೇಲೆ ಕೆಳಗೆ ನೋಡಿದರು. ಗೊರಸು ಒಂದೊಂದನ್ನೂ ತೊಳೆಸಿ ಸಂದು ಬಿಡಿಸಿ ನೋಡಿದರು. ದೊಡ್ಡಮುನಿಯಮ್ಮ ಕೈಮುಗಿದುಕೊಂಡೇ ನಿಂತಿದ್ದಳು.

"ಬನ್ನು ಎಷ್ಟು ಹಾಕಿದೆ?"

"ಒಂದು ಮಂಕರಿ."

ಡಾಕ್ಟರು ಹೊಟ್ಟೆ ಕುಣಿಸಿ ನಕ್ಕರು. "ನನಗೆ ಒಂದು ಮಂಕರಿ ಬನ್ನು ತಿನ್ನಿಸಿದ್ದರೆ ನಾನೂ ಹೀಗೇ ಮಲಗಿರುತ್ತಿದ್ದೆ. ಹುಣ್ಣು ಒಂದೂ ಇಲ್ಲ. ಅಜೀರ್ಣ ಕಣ್ರೀ ಇನ್ಸ್‌ಪೆಕ್ಟರೇ, ಶುದ್ಧ ಅಜೀರ್ಣ."

"ಮತ್ತೆ ಕೊಲ್ಲೋದು?" ಅಂದಳು ದೊಡ್ಡಮುನಿಯಮ್ಮ.

"ಯಾರನ್ನು ಕೊಲ್ಲೋದು? ಅಷ್ಟು ಬನ್ನು ತಿನ್ನಿಸಿದ ನಿನ್ನನ್ನು ಕೊಲ್ಲಬೇಕು ಅಷ್ಟೇ."

ಅಡುಗೆ ಸೋಡಾ ಕರಗಿಸಿ, ಕಡಲೆಕಾಯಿ ಎಣ್ಣೆ ಬೆರೆಸಿ, ಬಿದಿರಿನ ಗೊಟ್ಟದಲ್ಲಿ ಎಮ್ಮೆಯ ಗಂಟಲಿಗೆ ಬಿಟ್ಟರು. ಹೊಟ್ಟೆ ತಿಕ್ಕಿದರು. ಸ್ವಲ್ಪ ಹೊತ್ತಿಗೆ ಎಮ್ಮೆ ಬೇಲಿಯಾಚೆಗೂ ಕೇಳುವ ಹಾಗೆ ತೇಗಿತು. ಮೂರು ದೇಶ ದಾಟಿ ಬಂದ ಊಟದ ತೇಗು. ಆಮೇಲೆ ಕಣ್ಣು ಅರೆಮುಚ್ಚಿ ಮೆಲುಕು ಹಾಕತೊಡಗಿತು. ದೊಡ್ಡಮುನಿಯಮ್ಮ ದೊಡ್ಡ ಡಾಕ್ಟರ ಕಾಲಿಗೆ ಬಿದ್ದಳು, ನಮ್ಮವರ ಕಾಲಿಗೆ ಬಿದ್ದಳು, ಆ ಸಂಭ್ರಮದಲ್ಲಿ ಅಶ್ವತ್ಥಪ್ಪನವರ ಕಾಲಿಗೂ ಬಿದ್ದಳು.

ದೊಡ್ಡ ಡಾಕ್ಟರು ನಮ್ಮವರಿಗೆ ಎರಡು ಬೈಗುಳ ಕೊಟ್ಟು ಅಲ್ಲಿಗೇ ಮುಗಿಸಿದರು. ಆದರೆ ಬಂದದ್ದಕ್ಕೆ ನಿಯಮ ಪೂರೈಸಬೇಕಲ್ಲ. ಬಿಸ್ಕತ್ತು ತಿಂದ ಹಸುಗಳನ್ನೆಲ್ಲ ಫ್ಯಾಕ್ಟರಿ ಮುಂದಿನ ಬಯಲಿಗೆ ತರಿಸಿ ಸಾಲಾಗಿ ನಿಲ್ಲಿಸಿದರು. ಬಾಯಿ ತೆರೆ, ನೋಡು. ಕಾಲು ಎತ್ತು, ನೋಡು. ನಮ್ಮವರು ಟಾರ್ಚು ಹಿಡಿದರು, ದೊಡ್ಡ ಡಾಕ್ಟರು ಹೂಂ ಹೂಂ ಅನ್ನುತ್ತ ಸಾಗಿದರು. ಯಾವುದಕ್ಕೂ ಏನೂ ಇರಲಿಲ್ಲ. ಗಂಗುಲಪ್ಪ ಎಳನೀರು ಕೊಚ್ಚತೊಡಗಿದ. ಜನ ಜಾತ್ರೆಯ ಉತ್ಸಾಹದಲ್ಲಿದ್ದರು.

ಸಾಲು ಮುಗಿಯಿತೆಂದು ದೊಡ್ಡ ಡಾಕ್ಟರು ಕೈ ತೊಳೆಯಲು ಹೊರಟರು. ಕೊನೆಯ ಹಸುವಿನ ಹಿಂದೆ ಬೈರಮ್ಮ ನಿಂತಿದ್ದಳು. ಊಟದ ಬಿಡುವಿನಲ್ಲಿ ಗುಂಡಿಯಿಂದ ಎದ್ದು ಬಂದು, ಕಾಲು ತೊಳೆದುಕೊಂಡು ನಿಂತಿದ್ದಳು.

"ನಿನ್ನ ದನ ಎಲ್ಲಮ್ಮ?"

"ದನ ಇಲ್ಲ ಸ್ವಾಮಿ. ನಾನೇ ತಿಂದಿದ್ದು."

ಜನ ಗೊಳ್ಳೆಂದು ನಕ್ಕರು. ಅವಳ ಮಾತಿಗೆ ನಗುವುದು ಎಲ್ಲರಿಗೂ ರೂಢಿ. ಅವತ್ತು ಅವಳು ನಗಲಿಲ್ಲ.

"ಎಮ್ಮೆಗೆ ಆಗಲ್ಲ ಅಂತ ದೊಡ್ಡಮುನಿಯಮ್ನೋರು ನಂಗೆ ಕೊಟ್ರಲ್ಲ, ಬಾಯಿಟ್ಟಿದ್ದು, ಆ ಗುಡ್ಡೆ. ಮನೇಲಿ ಎಲ್ಲಾರೂ ತಿಂದ್ವಿ. ಕೋಳಿ ತುಂಡು ಇತ್ತು, ಸಿಹಿ ಇತ್ತು. ತಿಂದಿದ್ನ ಕೊಂದು ಸುಡಬೇಕು ಅಂತ ಆರ್ಡ್ರು ಓದಿದ್ರಂತೆ. ಅದಕ್ಕೇ ಕೇಳಾಣ ಅಂತ ಬಂದೆ."

ದೊಡ್ಡ ಡಾಕ್ಟರು ಇನ್ನೂ ನಗುತ್ತಲೇ ಇದ್ದರು. "ಆರ್ಡರಿನಲ್ಲಿ ಮನುಷ್ಯರ ಮಾತೇ ಇಲ್ಲಮ್ಮ. ಹಸು, ಎಮ್ಮೆ, ಕುರಿ, ಹಂದಿ, ಕೋಳಿ, ನಾಯಿ. ಅಷ್ಟೇ. ನಿನಗೆ ಏನೂ ಆಗಲ್ಲ, ಹೋಗು."

"ಆಗಲ್ಲ ಅಂದ್ರೆ ಸರಿ ಸ್ವಾಮಿ. ಆದ್ರೂ ಒಂದ್ಸಲ ನೋಡ್ಬಿಡಿ. ಎಮ್ಮೇದು ನೋಡಿದ್ರಲ್ಲ."

ಹೇಳಿ ಬಾಯಿ ತೆರೆದಳು. ಹಸುಗಳು ನಿಂತಿದ್ದ ಜಾಗದಲ್ಲೇ, ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ.

ಕಡೆಗೆ ನಮ್ಮವರು ಮುಂದೆ ಹೋಗಿ ಟಾರ್ಚು ಬಿಟ್ಟರು. ನಾಲಗೆಯ ಮೇಲೆ ನೋಡಿದರು, ಕೆಳಗೆ ನೋಡಿದರು. "ಏನೂ ಇಲ್ಲ ಬೈರಮ್ಮ," ಅಂದರು. ಅವರ ದನಿಯಲ್ಲಿ ಆಕಾಶವಾಣಿ ಇರಲಿಲ್ಲ.

"ಕಾಲು?" ಅಂದು ಅವಳು ಸೀರೆಯ ಅಂಚು ಎತ್ತಿದಳು.

ನಮ್ಮವರ ಕೈಯಲ್ಲಿನ ಟಾರ್ಚು ಅಲ್ಲೇ ನಿಂತಿತು. ಬೆರಳುಗಳ ಸಂದಿಯೆಲ್ಲ ಹುಣ್ಣು. ಬಿರಿದು, ಕೆಂಪಗಾಗಿ, ಕೀವು ತುಂಬಿ. ಆರ್ಡರಿನಲ್ಲಿ ಓದಿದ್ದರಲ್ಲ, ಯಾವುದನ್ನು ಹುಡುಕಿಕೊಂಡು ಬೆಳಗಿನಿಂದ ಊರಿನ ಗೊರಸುಗಳನ್ನೆಲ್ಲ ತೊಳೆಸಿದರೋ ಅದೇ. ಹತ್ತಿರ ನಿಂತವರು ಹಿಂದಕ್ಕೆ ಸರಿದರು. ದೊಡ್ಡಮುನಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದೊಡ್ಡ ಡಾಕ್ಟರ ನಗು ನಿಂತುಹೋಯಿತು.

"ಇದು ಯಾವಾಗಿನಿಂದ?" ಎಂದು ಗಾಬರಿಯಿಂದ ಕೇಳಿದರು.

ಬೈರಮ್ಮ ತನ್ನ ಕಾಲನ್ನು ತಾನೇ ಬಗ್ಗಿ ನೋಡಿಕೊಂಡಳು. "ಇದಾ? ಇದು ವಿಮಾನದ್ದಲ್ಲ ಸ್ವಾಮಿ. ಇದು ಮಣ್ಣು ತುಳಿಯೋದು. ಫ್ಯಾಕ್ಟ್ರಿ ಸೇರ್ದಾಗಿಂದ ಐತೆ. ಗುಂಡಿಗೆ ಇಳಿಯೋರ ಕಾಲೆಲ್ಲ ಹಿಂಗೇ."

"ಓಹ್," ಅಂದರು ದೊಡ್ಡ ಡಾಕ್ಟರು. "ಹಾಗಾದರೆ ಪರವಾಗಿಲ್ಲ."

ಬಯಲಲ್ಲಿದ್ದವರೆಲ್ಲ ಉಸಿರು ಬಿಟ್ಟರು. ಅಶ್ವತ್ಥಪ್ಪನವರು ಬಿಟ್ಟರು, ದೊಡ್ಡಮುನಿಯಮ್ಮ ಬಿಟ್ಟಳು, ನಾನೂ ಬಿಟ್ಟೆ. ಬಿಟ್ಟ ಮೇಲೆ ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ನಮ್ಮವರು ಮಾತ್ರ ಟಾರ್ಚು ಆರಿಸದೆ ಹಾಗೇ ಬಗ್ಗಿ ನಿಂತಿದ್ದರು.

ಎಲ್ಲರಿಗಿಂತ ಹಗುರವಾದವಳು ಬೈರಮ್ಮನೇ. "ಹಂಗಾದ್ರೆ ಸರಿ ಸ್ವಾಮಿ, ಬದುಕ್ದೆ," ಎಂದು ಕೈಮುಗಿದು, ಸೀರೆಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ, ಬಿಡುವಿನ ಹೊತ್ತು ಮುಗಿದಿದ್ದರಿಂದ ಮಣ್ಣಿನ ಗುಂಡಿಗೆ ಇಳಿದಳು.